ಸಾಲಗಾರ ಮಿಲಿಟರಿಯಲ್ಲಿದ್ದರೆ ಡಿಕ್ರಿ ಹಣ ವಸೂಲಿ ಹೇಗೆ?

ಪ್ರಶ್ನೆ: ನಮ್ಮ ದೂರದ ಸಂಬಂಧಿಯೊಬ್ಬರು ಭಾರತೀಯ ಸೇನೆಯಲ್ಲಿ ಹವಾಲ್ದಾರ್. ಊರಲ್ಲಿ ಮನೆ ಕಟ್ಟಿಸುವಾಗ ನನ್ನ ಹತ್ತಿರ 5 ಲಕ್ಷ ರೂಪಾಯಿ ಕೈಸಾಲ ತಗೊಂಡಿದ್ದರು. ಪ್ರೋನೋಟ್ ಬರೆದುಕೊಟ್ಟಿದ್ದರು. ವಾಪಸ್ ಕೊಡಲಿಲ್ಲ, ದಾವೆ ಹಾಕಿದೆ. ಅವರು ಕೋರ್ಟಿಗೆ ಬರಲೇ ಇಲ್ಲ. ಎಕ್ಸ್‌ಪಾರ್ಟಿ ಆಗಿ, ವರ್ಷಕ್ಕೆ 6% ಬಡ್ಡಿ ಸೇರಿಸಿ ಡಿಕ್ರಿ ಆಯಿತು. ಎರಡೂವರೆ ವರ್ಷ ಕಳೆದರೂ ಒಂದು ರೂಪಾಯಿ ಬಂದಿಲ್ಲ. ಮಿಲಿಟರಿಯವರ ಸಂಬಳ ಹಿಡಿಸೋಕೆ ಆಗಲ್ಲ, ವಾರಂಟೂ ಆಗಲ್ಲ ಅನ್ನುತ್ತಾರೆ. ಹಾಗಾದರೆ ಈ ಡಿಕ್ರಿ ಇಟ್ಟುಕೊಂಡು ಏನು ಮಾಡಲಿ? ಈಗ ಅವರ ಅಣ್ಣ, '2 ಲಕ್ಷ ಈಗ ಕೊಡ್ತೀವಿ, ಉಳಿದದ್ದು ಕಂತಲ್ಲಿ' ಅಂತ ಹೇಳಿ ಕಳಿಸಿದ್ದಾರೆ. ಒಪ್ಪಲಾ?

ಉತ್ತರ: ನಿಮಗೆ ಹೇಳಿದವರು ಸರಿಯಾಗೇ ಹೇಳಿದ್ದಾರೆ. ಸಂಬಳಕ್ಕೂ ಕೈ ಹಾಕುವ ಹಾಗಿಲ್ಲ, ಅವರನ್ನು ಹಿಡಿಸುವ ಹಾಗೂ ಇಲ್ಲ. ಆದರೆ ಅಷ್ಟಕ್ಕೇ ಡಿಕ್ರಿ ಸತ್ತಿತು ಅಂತ ಅಲ್ಲ. ಎರಡು ಬಾಗಿಲು ಮುಚ್ಚಿವೆ, ಉಳಿದವು ತೆರೆದೇ ಇವೆ. ಮುಚ್ಚಿದ ಬಾಗಿಲು ಬಡಿಯುತ್ತಾ ಜನ ವರ್ಷಗಟ್ಟಲೆ ಕಳೆಯುತ್ತಾರೆ, ತಪ್ಪಾಗುವುದು ಅಲ್ಲಿ.

ಮೊದಲು ಮುಚ್ಚಿದ ಬಾಗಿಲುಗಳನ್ನೇ ನೋಡಿಬಿಡೋಣ. ಇಲ್ಲದಿದ್ದರೆ ನಾಳೆ ಯಾರೋ ಒಬ್ಬರು 'ನಾನು ಹಿಡಿಸಿಕೊಡ್ತೀನಿ' ಅಂದಾಗ ನೀವು ಮತ್ತೆ ಫೀಸು ಕಟ್ಟುತ್ತೀರಿ.

1950ರ ಸೇನಾ ಕಾಯ್ದೆಯ ಕಲಂ 28 ಬಹಳ ನೇರವಾಗಿದೆ. ಈ ಕಾಯ್ದೆಗೆ ಒಳಪಟ್ಟ ವ್ಯಕ್ತಿಯ ಆಯುಧ, ಬಟ್ಟೆ, ಸಲಕರಣೆಗಳನ್ನು ಜಪ್ತಿ ಮಾಡುವ ಹಾಗಿಲ್ಲ. ಅವರ ಸಂಬಳ ಮತ್ತು ಭತ್ಯೆಯನ್ನು, ಅದರ ಒಂದು ಭಾಗವನ್ನೂ, ಸಿವಿಲ್ ಕೋರ್ಟಾಗಲಿ ಕಂದಾಯ ಕೋರ್ಟಾಗಲಿ ಡಿಕ್ರಿಗಾಗಿ ಹಿಡಿಯುವ ಹಾಗಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆ, ಅಂದರೆ ನಾವು ದಿನಾ ಸಿ.ಪಿ.ಸಿ. ಅನ್ನುವ ಕಾಯ್ದೆಯ ಕಲಂ 60(1)ರಲ್ಲೂ ಇದೇ ಮಾತು ಇದೆ. ಅದರ (ಜೆ) ಉಪಕಲಂ ಭೂಸೇನೆ, ವಾಯುಸೇನೆ, ನೌಕಾಸೇನೆ ಮೂರರ ಕಾಯ್ದೆಗಳನ್ನೂ ಹೆಸರಿಸಿ, ಅವುಗಳಿಗೆ ಒಳಪಟ್ಟವರ ಸಂಬಳ, ಭತ್ಯೆ ಜಪ್ತಿಗೆ ಸಿಗುವುದಿಲ್ಲ ಅನ್ನುತ್ತದೆ. ಸಾಲ ಸೇನೆಗೆ ಸೇರುವ ಮುಂಚೆ ಮಾಡಿದ್ದಾ, ಆಮೇಲೆ ಮಾಡಿದ್ದಾ ಎಂಬ ಭೇದ ಇಲ್ಲಿಲ್ಲ.

ಸೇನಾ ಕಾಯ್ದೆಯ ಕಲಂ 29 ಬಂಧನದ್ದು. ಸೇನೆಯಲ್ಲಿ ಇರುವಷ್ಟು ಕಾಲ ಸಾಲಕ್ಕಾಗಿ ಸಿವಿಲ್ ಕೋರ್ಟಿನ ವಾರಂಟಿನ ಮೇಲೆ ಅವರನ್ನು ಬಂಧಿಸುವ ಹಾಗಿಲ್ಲ. ತಪ್ಪಿ ಬಂಧಿಸಿದರೆ ಕೋರ್ಟು ಬಿಡುಗಡೆ ಮಾಡಿ, ಖರ್ಚನ್ನು ನಿಮ್ಮ ತಲೆಗೇ ಹಾಕಬಹುದು. 'ಸೇನೆಯಲ್ಲಿ ಇರುವಷ್ಟು ಕಾಲ' ಅನ್ನುವ ಮಾತನ್ನು ಮಾತ್ರ ಗುರುತು ಹಾಕಿಟ್ಟುಕೊಳ್ಳಿ, ಅದಕ್ಕೆ ಮತ್ತೆ ಬರುತ್ತೇನೆ.

ನಾನೂ ಈ ಬಾಗಿಲು ಬಡಿದವನೇ. ವಕೀಲಿಕೆಯ ಮೊದಲ ವರ್ಷಗಳಲ್ಲಿ ಒಬ್ಬ ಕಕ್ಷಿದಾರರ ಒತ್ತಾಯಕ್ಕೆ ಸಂಬಳ ಜಪ್ತಿಗೆ ಅರ್ಜಿ ಹಾಕಿದ್ದೆ. ಸಾಲಗಾರ ಯಾವ ಇಲಾಖೆ ಅಂತ ಅರ್ಜಿಯಲ್ಲಿ 'ಕೇಂದ್ರ ಸರ್ಕಾರಿ ನೌಕರ' ಅಂತಷ್ಟೇ ಬರೆದಿದ್ದೆ. ಕೋರ್ಟೂ ಗಮನಿಸದೆ ಆದೇಶ ಕೊಟ್ಟಿತು. ಆದೇಶ ಸಂಬಳ ಕೊಡುವ ಕಚೇರಿಗೆ ಹೋಯಿತು. ನಾಲ್ಕು ತಿಂಗಳಾದ ಮೇಲೆ ಒಂದು ಕಾಗದ ಬಂತು. ಎರಡೇ ಸಾಲು, ಕೆಳಗೆ ನೀಲಿ ಇಂಕಿನ ಸೀಲು. ಕಲಂ 28ರ ಪ್ರಕಾರ ಕಡಿತ ಮಾಡಲು ಬರುವುದಿಲ್ಲ, ಆದೇಶ ವಾಪಸ್ ಕಳಿಸಿದೆ ಅಂತ. ಮುಂದಿನ ತಾರೀಖಿಗೆ ನ್ಯಾಯಾಧೀಶರು ಆ ಕಾಗದ ಓದಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದ್ದು ಈಗಲೂ ನೆನಪಿದೆ.

ಕಾನೂನು ಯಾಕೆ ಹೀಗಿದೆ ಅಂತ ಸಿಟ್ಟು ಬರುತ್ತದೆ, ನಿಜ. ಗಡಿಯಲ್ಲಿ ಇರುವವನನ್ನು ಊರಿನ ಸಾಲಕ್ಕಾಗಿ ಸಿವಿಲ್ ಜೈಲಿಗೆ ಹಾಕಿದರೆ ಪಡೆಯಲ್ಲಿ ಒಬ್ಬ ಕಮ್ಮಿ ಆಗುತ್ತಾನೆ. ಸಂಬಳ ನಿಲ್ಲಿಸಿದರೆ ಮನೆಯವರ ಚಿಂತೆ ಹಚ್ಚಿಕೊಂಡು ಬಂದೂಕು ಹಿಡಿಯಬೇಕಾಗುತ್ತದೆ. ರಕ್ಷಣೆ ಕೊಟ್ಟಿರುವುದು ಸೇವೆಗೆ. ಸಾಲ ಮಾಡಿದವನಿಗೆ ಅಂತ ಕೊಟ್ಟಿದ್ದಲ್ಲ. ಅದಕ್ಕೇ ಅದು ಸಂಬಳ, ಸಲಕರಣೆ, ದೇಹಕ್ಕೆ ಮಾತ್ರ ಸೀಮಿತ. ಅವರ ಹೆಸರಿನ ಜಮೀನು, ಸೈಟು, ಮನೆ, ಬಾಡಿಗೆ, ಕಾರು, ಷೇರು ಯಾವುದಕ್ಕೂ ಕಲಂ 28ರ ಕೊಡೆ ಇಲ್ಲ.

ಮುಂದೆ ಹೋಗುವ ಮುಂಚೆ ಒಂದು ಸಂಗತಿ ಖಚಿತ ಮಾಡಿಕೊಳ್ಳಿ. ನಿಮ್ಮ ಸಂಬಂಧಿ ಹವಾಲ್ದಾರ್ ಅಂದಿದ್ದೀರಿ, ಹಾಗಾಗಿ ಬಹುಶಃ ಅನುಮಾನ ಇಲ್ಲ. ಆದರೆ ನಮ್ಮ ಜನ 'ಮಿಲಿಟರಿಲಿ ಇದ್ದಾನೆ' ಅಂತ ಬಹಳ ಸಡಿಲವಾಗಿ ಹೇಳುತ್ತಾರೆ. ವಿಚಾರಿಸಿದರೆ ಸೇನಾ ಡಿಪೋದಲ್ಲಿ ಗುಮಾಸ್ತರಾಗಿರುತ್ತಾರೆ, ಇಲ್ಲವೇ ಸೇನೆಯ ಕಟ್ಟಡ ಕಾಮಗಾರಿ ನೋಡಿಕೊಳ್ಳುವ ಎಂ.ಇ.ಎಸ್.ನಲ್ಲಿ ಎಲೆಕ್ಟ್ರಿಷಿಯನ್ ಆಗಿರುತ್ತಾರೆ. ರಕ್ಷಣಾ ಇಲಾಖೆಯ ಇಂಥ ಸಿವಿಲಿಯನ್ ನೌಕರರು ಸಾಮಾನ್ಯವಾಗಿ ಸೇನಾ ಕಾಯ್ದೆಗೆ ಒಳಪಟ್ಟವರಲ್ಲ. ಅವರ ಸಂಬಳ ಬೇರೆ ಸರ್ಕಾರಿ ನೌಕರರ ಸಂಬಳದ ಹಾಗೇ ಜಪ್ತಿಗೆ ಸಿಗುತ್ತದೆ. ಕಲಂ 60(1)ರ (ಐ) ಉಪಕಲಂ ಪ್ರಕಾರ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರರಲ್ಲಿ ಎರಡು ಭಾಗ ಅವರಿಗೆ. ಮೂರನೇ ಒಂದು ಭಾಗ ನಿಮಗೆ. ವಿನಾಯಿತಿ ಇರುವ ಭತ್ಯೆ ಕಳೆದು ಸಂಬಳ 46,000 ಅಂತ ಇಟ್ಟುಕೊಳ್ಳಿ. 1,000 ತೆಗೆದರೆ 45,000. ಅದರಲ್ಲಿ 30,000 ಅವರದು, 15,000 ಜಪ್ತಿಗೆ. ಆದರೆ ಒಂದೇ ಡಿಕ್ರಿಗೆ ಒಟ್ಟು 24 ತಿಂಗಳು ಮಾತ್ರ. ಅಲ್ಲಿಗೆ 3,60,000. ಆಮೇಲೆ ಆ ಡಿಕ್ರಿಗೆ ಆ ಸಂಬಳದ ಬಾಗಿಲು ಪೂರ್ತಿ ಮುಚ್ಚಿತು.

ಈಗ ನಿಮ್ಮ ಡಿಕ್ರಿಗೆ ಬರೋಣ. ನನಗೆ ಚಿಂತೆ ಆಗುತ್ತಿರುವುದು ವಸೂಲಿಗಿಂತ ಜಾಸ್ತಿ ಆ 'ಎಕ್ಸ್‌ಪಾರ್ಟಿ' ಅನ್ನುವ ಪದದ ಬಗ್ಗೆ. ಸಮನ್ಸ್ ಯಾವ ವಿಳಾಸಕ್ಕೆ ಹೋಗಿತ್ತು? ಊರಿನ ಮನೆಗೆ ಕಳಿಸಿ, ಅಲ್ಲಿ ಅವರ ತಾಯಿಯೋ ಅಣ್ಣನೋ ಸಹಿ ಹಾಕಿದ್ದರೆ ಸ್ವಲ್ಪ ಹುಷಾರಾಗಿರಿ. ಸೈನಿಕನಿಗೆ ಸಮನ್ಸ್ ಕೊಡುವುದಕ್ಕೆ ಸಿ.ಪಿ.ಸಿ.ಯಲ್ಲಿ ಬೇರೆಯೇ ದಾರಿ ಇದೆ. ಆರ್ಡರ್ 5 ರೂಲ್ 28. ಕೋರ್ಟು ಸಮನ್ಸನ್ನು ಅವರ ಕಮಾಂಡಿಂಗ್ ಆಫೀಸರ್‌ಗೆ ಕಳಿಸಬೇಕು, ಜೊತೆಗೆ ಸೈನಿಕನಿಗೆ ಕೊಡುವ ಪ್ರತಿಯನ್ನೂ ಇಡಬೇಕು. ಆ ಅಧಿಕಾರಿ ಅದನ್ನು ಅವರ ಕೈಗೆ ಕೊಟ್ಟು, ಸಹಿ ಹಾಕಿಸಿ ವಾಪಸ್ ಕಳಿಸುತ್ತಾರೆ.

ಕೋರ್ಟಿನ ಫೈಲು ತೆಗೆಸಿ ಆ ಹಾಳೆ ನೋಡಿ. ಹಿಂಬದಿಯಲ್ಲಿ ಯೂನಿಟ್ಟಿನ ದುಂಡು ಸೀಲು, ಅಧಿಕಾರಿಯ ಸಹಿ, ಸೈನಿಕನ ಸಹಿ ಇದ್ದರೆ ನಿಶ್ಚಿಂತೆಯಿಂದ ಇರಿ. ಅದಿಲ್ಲದೆ 'ಮನೆಯಲ್ಲಿ ಇರಲಿಲ್ಲ, ಬಾಗಿಲಿಗೆ ಅಂಟಿಸಿದೆ' ಅಂತ ಕೋರ್ಟಿನ ಅಮೀನರು ಬರೆದ ವರದಿ ಮಾತ್ರ ಇದ್ದರೆ, ನಾಳೆ ನೀವು ಜಮೀನಿಗೆ ಕೈ ಹಾಕಿದ ದಿನವೇ ಅವರು ಎದ್ದು ಬರುತ್ತಾರೆ. 'ನನಗೆ ಸಮನ್ಸೇ ಸಿಕ್ಕಿಲ್ಲ, ಡಿಕ್ರಿ ರದ್ದು ಮಾಡಿ' ಅಂತ ಆರ್ಡರ್ 9 ರೂಲ್ 13ರಲ್ಲಿ ಅರ್ಜಿ ಹಾಕುತ್ತಾರೆ. ಸಮನ್ಸ್ ಸರಿಯಾಗಿ ಜಾರಿ ಆಗಿಲ್ಲದಿದ್ದರೆ ಅರ್ಜಿ ಹಾಕಲು ಇರುವ 30 ದಿನ ಶುರುವಾಗುವುದೇ ಅವರಿಗೆ ವಿಷಯ ಗೊತ್ತಾದ ದಿನದಿಂದ.

ಇದರ ಮೇಲೆ 1925ರ ಭಾರತೀಯ ಸೈನಿಕರ ವ್ಯಾಜ್ಯ ಕಾಯ್ದೆ ಅಂತ ಒಂದು ಹಳೆಯ ಕಾನೂನು ಇದೆ. ಅನೇಕ ವಕೀಲರಿಗೇ ಇದು ಮರೆತುಹೋಗಿರುತ್ತದೆ. ಯುದ್ಧದ ಪರಿಸ್ಥಿತಿಯಲ್ಲಿ ಅಥವಾ ಆ ಕಾಯ್ದೆ ಹೇಳುವ ವಿಶೇಷ ಪರಿಸ್ಥಿತಿಯಲ್ಲಿ ಸೇವೆ ಸಲ್ಲಿಸುತ್ತಿರುವ ಸೈನಿಕನ ಮೇಲೆ ಕೇಸು ಇದ್ದರೆ, ಅದನ್ನು ಮುಂದೂಡಲು ಅಲ್ಲಿ ಅವಕಾಶ ಇದೆ. ಆ ಕಾಲದಲ್ಲಿ ಅವರ ವಿರುದ್ಧ ಆದ ಡಿಕ್ರಿಯನ್ನು ನ್ಯಾಯಕ್ಕಾಗಿ ರದ್ದು ಮಾಡುವ ಅಧಿಕಾರವೂ ಕೋರ್ಟಿಗೆ ಇದೆ. ಹಾಗಾಗಿ ಡಿಕ್ರಿ ಆದಾಗ ಅವರು ಎಲ್ಲಿ ಪೋಸ್ಟಿಂಗ್‌ನಲ್ಲಿದ್ದರು ಅಂತ ತಿಳಿದುಕೊಳ್ಳುವುದು ಸುಮ್ನೆ ಕುತೂಹಲಕ್ಕಲ್ಲ. ಡಿಕ್ರಿಯ ಬುಡ ಅಲ್ಲಾಡುವ ಹಾಗಿದ್ದರೆ, ಅಣ್ಣ ತಂದಿರುವ ರಾಜಿ ಮಾತು ಇನ್ನೂ ಜಾಸ್ತಿ ಬೆಲೆಬಾಳುತ್ತದೆ.

ಡಿಕ್ರಿ ಗಟ್ಟಿ ಇದೆ ಅಂತ ಇಟ್ಟುಕೊಳ್ಳೋಣ. ಮುಂದಿನ ಕೆಲಸ ಅಮಲ್ಜಾರಿ ಅರ್ಜಿ, ಡಿಕ್ರಿಯನ್ನು ಜಾರಿ ಮಾಡಿಸಿಕೊಡಿ ಅಂತ ಕೋರ್ಟಿಗೆ ಕೇಳುವುದು, ಎಕ್ಸಿಕ್ಯೂಷನ್ ಅನ್ನುತ್ತೇವಲ್ಲ ಅದು. ಡಿಕ್ರಿಯಾಗಿ ಎರಡು ವರ್ಷ ದಾಟಿರುವುದರಿಂದ ಆರ್ಡರ್ 21 ರೂಲ್ 22ರ ನೋಟಿಸು ಮೊದಲು ಹೋಗಬೇಕು. ಅದನ್ನೂ ಕಮಾಂಡಿಂಗ್ ಆಫೀಸರ್ ಮೂಲಕವೇ ಕಳಿಸಲು ಕೇಳಿ. ಊರಿನ ವಿಳಾಸಕ್ಕೂ ಒಂದು ಹೋಗಲಿ, ತೊಂದರೆ ಇಲ್ಲ.

ಜಮೀನು ಬೇರೆ ಕೋರ್ಟಿನ ವ್ಯಾಪ್ತಿಯಲ್ಲಿದ್ದರೆ ಡಿಕ್ರಿಯನ್ನು ಸಿ.ಪಿ.ಸಿ. ಕಲಂ 39ರಲ್ಲಿ ಆ ಕೋರ್ಟಿಗೆ ವರ್ಗ ಮಾಡಿಸಿಕೊಳ್ಳಬೇಕು. 'ಇಲ್ಲೇ ಹಾಕೋಣ, ನೋಡೋಣ' ಅಂದರೆ ಆರು ತಿಂಗಳು ಸುಮ್ನೆ ಹೋಗುತ್ತದೆ. ಅಂದ ಹಾಗೆ, ಅಮಲ್ಜಾರಿ ಅರ್ಜಿಯನ್ನು ಹಾಕಿದ 6 ತಿಂಗಳೊಳಗೆ ಮುಗಿಸಬೇಕು, ಆಗದಿದ್ದರೆ ಯಾಕೆ ಅಂತ ಬರೆಯಬೇಕು ಎಂದು ಸುಪ್ರೀಂ ಕೋರ್ಟು 2021ರಲ್ಲಿ ಹೇಳಿದೆ. ತಾರೀಖಿನ ಮೇಲೆ ತಾರೀಖು ಬಿದ್ದಾಗ ನಿಮ್ಮ ವಕೀಲರಿಗೆ ಇದನ್ನು ಮೆತ್ತಗೆ ನೆನಪಿಸಿ.

ಅವರ ಹತ್ತಿರ ಏನಿದೆ ಅಂತ ಗೊತ್ತಿಲ್ಲವಾ? ಆರ್ಡರ್ 21 ರೂಲ್ 41ರಲ್ಲಿ ಆಸ್ತಿ ಪಟ್ಟಿಯ ಅಫಿಡವಿಟ್ ಕೇಳಿ. ಯಾವ ಆಸ್ತಿ, ಎಲ್ಲಿದೆ, ಯಾರಿಂದ ಏನು ಬರಬೇಕು ಅಂತ ಅವರೇ ಪ್ರಮಾಣ ಮಾಡಿ ಹೇಳಬೇಕು. ಸುಳ್ಳು ಹೇಳಿದರೆ ಅದು ಬೇರೆಯೇ ಅಪರಾಧ. ಆದರೆ ಅಫಿಡವಿಟ್ಟನ್ನೇ ಕಾಯುತ್ತಾ ಕೂರಬೇಡಿ. ಪಹಣಿ ಆನ್‌ಲೈನಲ್ಲಿ ಸಿಗುತ್ತದೆ, ಸರ್ವೆ ನಂಬರ್ ಹಾಕಿ ತೆಗೆಯಿರಿ. 11ನೇ ಕಾಲಂನಲ್ಲಿ ಬ್ಯಾಂಕಿನ ಸಾಲ ಇದೆಯಾ ನೋಡಿ. ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ಇ.ಸಿ., ಅಂದರೆ ಋಣಭಾರ ಪತ್ರ, ತೆಗೆಸಿ. ನಿಮ್ಮ ದಾವೆ ಬಿದ್ದ ಮೇಲೆ ಹೆಂಡತಿ ಹೆಸರಿಗೋ ತಮ್ಮನ ಹೆಸರಿಗೋ ದಾನಪತ್ರ ಆಗಿದೆಯಾ ಅಂತ ಮುಖ್ಯವಾಗಿ ಹುಡುಕಿ. ಸಾಲ ತಪ್ಪಿಸಲು ಮಾಡಿದ ವರ್ಗಾವಣೆಯನ್ನು ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 53ರಲ್ಲಿ ಪ್ರಶ್ನಿಸಬಹುದು.

ನಿಮ್ಮ ಸಾಲದ ದುಡ್ಡಲ್ಲೇ ಮನೆ ಕಟ್ಟಿಸಿದ್ದಾರೆ ಅಂದಿರಿ. ಆ ಮನೆ ಯಾರ ಹೆಸರಲ್ಲಿದೆ? ಅವರ ಹೆಸರಲ್ಲೇ ಇದ್ದರೆ ಅದೇ ನಿಮ್ಮ ಮೊದಲ ಗುರಿ. ಒಂದು ಆಕ್ಷೇಪಣೆ ಬರಬಹುದು. ಬೇಸಾಯಗಾರ ವಾಸ ಇರುವ ಮನೆಗೆ ಕಲಂ 60ರಲ್ಲಿ ವಿನಾಯಿತಿ ಇದೆ, 'ನಾನೂ ರೈತನೇ' ಅನ್ನುತ್ತಾರೆ. ಅವರ ಮುಖ್ಯ ಜೀವನ ಸೇನೆಯ ಸಂಬಳದ ಮೇಲೆ ನಡೆಯುತ್ತಿದೆ ಅಂತ ನೀವು ತೋರಿಸಬೇಕಾಗುತ್ತದೆ. ಆ ಮನೆಯ ಒಂದು ಭಾಗ ಬಾಡಿಗೆಗೆ ಕೊಟ್ಟಿದ್ದರೆ ಇನ್ನೂ ಸುಲಭ. ಆರ್ಡರ್ 21 ರೂಲ್ 46-ಎ ನೋಟಿಸು ಬಾಡಿಗೆದಾರರಿಗೆ ಹೋಗುತ್ತದೆ, ಬಾಡಿಗೆ ನೇರ ಕೋರ್ಟಿಗೆ ಬರುತ್ತದೆ. ಸಂಬಳ ಹಿಡಿಯಲು ಆಗದವನ ಬಾಡಿಗೆ ಹಿಡಿಯಲು ಏನೂ ಅಡ್ಡಿ ಇಲ್ಲ.

ಒಟ್ಟು ಕುಟುಂಬದ ಜಮೀನು, ಇನ್ನೂ ಭಾಗ ಆಗಿಲ್ಲ ಅಂದರೂ ಅವರ ಹಿಸ್ಸೆಯನ್ನು ಜಪ್ತಿ ಮಾಡಿಸಬಹುದು. ಹರಾಜಿನಲ್ಲಿ ಕೊಂಡವನು ಆಮೇಲೆ ಪಾಲಿನ ದಾವೆ ಹೂಡಬೇಕು, ಹಾಗಾಗಿ ಬೆಲೆ ಕಡಿಮೆ ಬರುತ್ತದೆ. ಆದರೂ ಈ ದಾರಿಯನ್ನು ಹಗುರ ಮಾಡಬೇಡಿ. ಹೊರಗಿನವನೊಬ್ಬ ತಮ್ಮ ಹೊಲಕ್ಕೆ ಪಾಲುದಾರನಾಗಿ ಬರುತ್ತಾನೆ ಅನ್ನುವುದು ಅಣ್ಣ ತಮ್ಮಂದಿರಿಗೆ ಕೋರ್ಟಿನ ಯಾವ ಆದೇಶಕ್ಕಿಂತ ಜಾಸ್ತಿ ಬಿಸಿ ಮುಟ್ಟಿಸುತ್ತದೆ.

ಸರ್ಕಾರ ಮಂಜೂರು ಮಾಡಿದ ಜಮೀನಾದರೆ ಮಂಜೂರಾತಿ ಷರತ್ತು ಓದದೆ ಮುಂದೆ ಹೋಗಬೇಡಿ. ಅದರಲ್ಲೂ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಾದರೆ, ನಾವು ಪಿ.ಟಿ.ಸಿ.ಎಲ್. ಅನ್ನುವ 1978ರ ಕರ್ನಾಟಕದ ಕಾಯ್ದೆ ಕೋರ್ಟಿನ ಹರಾಜಿಗೂ ಅನ್ವಯಿಸುತ್ತದೆ.

ಜಪ್ತಿ ಹೇಗೆ ನಡೆಯುತ್ತದೆ ಅಂತ ಒಮ್ಮೆ ನೋಡಿದವರಿಗೆ ಅದರ ಶಕ್ತಿ ಗೊತ್ತು. ಅಮೀನರು ಬೆಳಿಗ್ಗೆ ಬಸ್ಸಿಳಿದು ಬರುತ್ತಾರೆ. ಕಂಕುಳಲ್ಲಿ ಫೈಲು. ಊರಿನ ತಮಟೆಯವನನ್ನು ಕರೆಸುತ್ತಾರೆ. ಹೊಲದ ಬದುವಿನ ಹತ್ತಿರ ನಿಂತು ತಮಟೆ ಬಾರಿಸಿ, ಇಂಥ ಸರ್ವೆ ನಂಬರಿನ ಜಮೀನು ಕೋರ್ಟಿನಿಂದ ಜಪ್ತಿ ಆಗಿದೆ, ಮಾರುವ ಹಾಗಿಲ್ಲ, ಕೊಳ್ಳುವ ಹಾಗಿಲ್ಲ ಅಂತ ಕೂಗಿಸುತ್ತಾರೆ. ಒಂದು ಪ್ರತಿ ಜಮೀನಿನಲ್ಲಿ ಕಾಣುವ ಕಡೆ, ಒಂದು ಕೋರ್ಟಿನ ಗೋಡೆಗೆ, ಒಂದು ಪಂಚಾಯಿತಿ ಕಚೇರಿಗೆ. ಪಕ್ಕದ ಹೊಲದವರು ಕೆಲಸ ನಿಲ್ಲಿಸಿ ನೋಡುತ್ತಾರೆ. ಇದು ಆರ್ಡರ್ 21 ರೂಲ್ 54ರಲ್ಲಿ ಹೇಳಿದ ವಿಧಾನವೇ, ಹೊಸದೇನಲ್ಲ. ನಾನು ನಡೆಸಿದ ಕೇಸುಗಳಲ್ಲಿ ಹರಾಜಿನ ತನಕ ಹೋದದ್ದು ಬಹಳ ಕಮ್ಮಿ. ತಮಟೆ ಬಿದ್ದ ವಾರದೊಳಗೆ ಫೋನು ಬರುತ್ತದೆ.

ಜಪ್ತಿ ಆದ ಮೇಲೆ ಅವರು ಯಾರಿಗಾದರೂ ಮಾರಿದರೆ ಅದು ಸಿ.ಪಿ.ಸಿ. ಕಲಂ 64ರ ಪ್ರಕಾರ ನಿಮ್ಮ ಮಟ್ಟಿಗೆ ಲೆಕ್ಕಕ್ಕಿಲ್ಲ. ಹರಾಜಿನ ಹಂತಕ್ಕೆ ಹೋದರೆ ಸಾಲಕ್ಕೆ ಬೇಕಾದಷ್ಟು ಭಾಗವನ್ನು ಮಾತ್ರ ಮಾರಬೇಕು, 5 ಲಕ್ಷಕ್ಕೆ 50 ಲಕ್ಷದ ತೋಟ ಮಾರಲು ಬಿಡುವುದಿಲ್ಲ. ನೀವೇ ಕೂಗಬೇಕು ಅಂದರೆ ಕೋರ್ಟಿನ ಅನುಮತಿ ಬೇಕು. ಹರಾಜಾದ ಮೇಲೂ ಅವರಿಗೆ ಒಂದು ಅವಕಾಶ ಇದೆ. 60 ದಿನದೊಳಗೆ ಸಾಲದ ಹಣ ಮತ್ತು ಕೊಂಡವನಿಗೆ ಶೇಕಡಾ 5 ಕಟ್ಟಿದರೆ ಹರಾಜು ರದ್ದು. ನಿಮಗೆ ಹೇಗಾದರೂ ಹಣ ಬಂತಲ್ಲ.

ಇನ್ನು ಬ್ಯಾಂಕ್ ಖಾತೆ. ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಸಂಬಳ ಬೀಳುವ ಖಾತೆಯನ್ನೇ ಹಿಡಿಯಲು ಹೋದರೆ 'ಇದು ಕಲಂ 28ರ ಸಂಬಳವೇ' ಅಂತ ಆಕ್ಷೇಪಣೆ ಬಂದೇ ಬರುತ್ತದೆ. ನಿವೃತ್ತಿ ಹಣದ ವಿಷಯದಲ್ಲಿ ಸುಪ್ರೀಂ ಕೋರ್ಟು 2008ರ ಒಂದು ತೀರ್ಪಿನಲ್ಲಿ, ಪೆನ್ಷನ್ ಮತ್ತು ಗ್ರಾಚ್ಯುಟಿ ಕೈಗೆ ಬಂದ ಮೇಲೂ ತಮ್ಮ ಗುಣ ಕಳೆದುಕೊಳ್ಳುವುದಿಲ್ಲ, ಜಪ್ತಿಗೆ ಸಿಗುವುದಿಲ್ಲ ಅಂದಿದೆ. ಸಂಬಳದ ಖಾತೆಗೂ ಅವರ ವಕೀಲರು ಅದೇ ಮಾತು ಎತ್ತುತ್ತಾರೆ. ಆ ಜಗಳಕ್ಕೆ ನಿಮ್ಮ ಶಕ್ತಿ ಹಾಕಬೇಡಿ. ಬೇರೆ ಮೂಲದ ಹಣ, ಅಂದರೆ ಸೈಟು ಮಾರಿದ ದುಡ್ಡಿನ ಠೇವಣಿ, ಬಾಡಿಗೆ ಜಮಾ ಆಗುವ ಖಾತೆ ಇದ್ದರೆ ಅದನ್ನು ಹಿಡಿಯಿರಿ. ಪ್ರಾವಿಡೆಂಟ್ ಫಂಡು, ಜೀವವಿಮೆ ಪಾಲಿಸಿಯ ಹಣ ಸಿಗುವುದಿಲ್ಲ, ಅವಕ್ಕೂ ಕಲಂ 60ರಲ್ಲಿ ವಿನಾಯಿತಿ ಇದೆ.

'ಕಮಾಂಡಿಂಗ್ ಆಫೀಸರ್‌ಗೆ ದೂರು ಬರೆದರೆ ಸಂಬಳದಲ್ಲಿ ಕಡಿದು ಕೊಡ್ತಾರಾ?' ಇದು ನನಗೆ ಪದೇ ಪದೇ ಬರುವ ಪ್ರಶ್ನೆ, ನೀವೂ ಕೇಳುವವರಿದ್ದಿರಿ ಅಂದುಕೊಂಡಿದ್ದೇನೆ. ಕೊಡಲ್ಲ. ಕಾಯ್ದೆಯಲ್ಲಿ ಹೇಳಿದ ಕಡಿತ ಬಿಟ್ಟು ಬೇರೆ ಏನನ್ನೂ ಸಂಬಳದಿಂದ ಕಡಿಯುವ ಹಾಗಿಲ್ಲ ಅಂತ ಸೇನಾ ಕಾಯ್ದೆಯ ಕಲಂ 25ರಲ್ಲೇ ಇದೆ. ಅವರಿಗೆ ಮನಸ್ಸಿದ್ದರೂ ಅಧಿಕಾರ ಇಲ್ಲ. ಆದರೆ ಪತ್ರ ಬರೆಯುವುದು ವ್ಯರ್ಥ ಅಂತಲೂ ಹೇಳಲ್ಲ. ತನ್ನ ಜವಾನನ ಮೇಲೆ ಕೋರ್ಟಿನ ಡಿಕ್ರಿ ಇದೆ ಅನ್ನುವುದು ಯಾವ ಯೂನಿಟ್ಟಿಗೂ ಇಷ್ಟದ ಸುದ್ದಿ ಅಲ್ಲ. ಕರೆದು ಕೇಳುತ್ತಾರೆ, ರಜೆ ಕೊಟ್ಟು 'ಹೋಗಿ ಬಗೆಹರಿಸಿಕೊಂಡು ಬಾ' ಅನ್ನುವುದೂ ಉಂಟು.

ಪತ್ರ ಒಂದು ಪುಟ ಸಾಕು. ಡಿಕ್ರಿಯ ನಂಬರ್, ತಾರೀಖು, ಬರಬೇಕಾದ ಮೊತ್ತ, ಡಿಕ್ರಿಯ ಪ್ರತಿ. 'ದಯವಿಟ್ಟು ಅವರ ಗಮನಕ್ಕೆ ತನ್ನಿ' ಅನ್ನುವ ಒಂದು ಸಾಲು. ಮೋಸಗಾರ, ದೇಶದ್ರೋಹಿ ಅಂತೆಲ್ಲ ಬರೆದರೆ ಕೆಲಸ ಕೆಡುತ್ತದೆ. ವಾಟ್ಸಾಪ್ ಗುಂಪುಗಳಲ್ಲಿ ಅವರ ಸಮವಸ್ತ್ರದ ಫೋಟೋ ಹಾಕಿ ಮರ್ಯಾದೆ ತೆಗೆಯುವವರನ್ನೂ ನೋಡಿದ್ದೇನೆ. ಹಾಗೆ ಮಾಡಿದರೆ ಹಣ ಬರುವುದಿರಲಿ, ನಿಮ್ಮ ಮೇಲೇ ಮಾನನಷ್ಟದ ಕೇಸು ಬರಬಹುದು.

ರಜೆಯ ಮಾತು ಬಂತಲ್ಲ, ಸೇನಾ ಕಾಯ್ದೆಯ ಕಲಂ 32 ನಿಮಗೆ ಉಪಯೋಗಕ್ಕೆ ಬರುತ್ತದೆ. ಸೈನಿಕ ಕೇಸಿಗಾಗಿ ರಜೆ ತಗೊಂಡು ಬಂದಿದ್ದೇನೆ ಅಂತ ಸೇನೆಯ ಸರ್ಟಿಫಿಕೇಟ್ ತೋರಿಸಿ ಅರ್ಜಿ ಕೊಟ್ಟರೆ, ಆ ರಜೆಯೊಳಗೇ ಕೇಸು ಕೇಳಿ ಮುಗಿಸಲು ಕೋರ್ಟು ಆದಷ್ಟು ವ್ಯವಸ್ಥೆ ಮಾಡಬೇಕು. ಇದು ಅವರ ಹಕ್ಕು. ಆದರೆ ಬೇಗ ಮುಗಿದರೆ ಲಾಭ ಇಬ್ಬರಿಗೂ ಅಲ್ವಾ? 'ನನಗೆ ರಜೆ ಸಿಗಲ್ಲ, ಬರೋಕಾಗಲ್ಲ' ಅಂದರೂ ನೆಪ ನಡೆಯುವುದಿಲ್ಲ. ಸಿ.ಪಿ.ಸಿ. ಆರ್ಡರ್ 28ರಲ್ಲಿ ತಮ್ಮ ಪರವಾಗಿ ಬೇರೆಯವರಿಗೆ ಲಿಖಿತ ಅಧಿಕಾರ ಕೊಟ್ಟು ಕೇಸು ನಡೆಸಲು ಅವರಿಗೆ ಅವಕಾಶ ಇದೆ.

ಹೆಂಡತಿ ಮಕ್ಕಳ ಜೀವನಾಂಶದ ಆದೇಶವಾದರೆ ಕಥೆಯೇ ಬೇರೆ. ಸೇನಾ ಕಾಯ್ದೆಯ ಕಲಂ 90 ಮತ್ತು 91 ಅದಕ್ಕಾಗಿ ಸಂಬಳ ಕಡಿತಕ್ಕೆ ಅವಕಾಶ ಕೊಟ್ಟಿವೆ, ಆದೇಶ ಮಾತ್ರ ಸರ್ಕಾರ ಅಥವಾ ಗೊತ್ತುಪಡಿಸಿದ ಸೇನಾಧಿಕಾರಿಯಿಂದ ಬರಬೇಕು. ನಿಮ್ಮದು ಕೈಸಾಲ, ಹಾಗಾಗಿ ಇಷ್ಟು ಸಾಕು.

ಈಗ 'ಸೇನೆಯಲ್ಲಿ ಇರುವಷ್ಟು ಕಾಲ' ಅನ್ನುವ ಮಾತಿಗೆ ಬರೋಣ. ಹಣದ ಡಿಕ್ರಿಯನ್ನು ಜಾರಿ ಮಾಡಲು ಕಾಲಮಿತಿ ಕಾಯ್ದೆಯ ವಿಧಿ 136 ಕೊಡುವ ಸಮಯ 12 ವರ್ಷ. ನಿಮಗೆ ಇನ್ನೂ ಒಂಬತ್ತೂವರೆ ವರ್ಷ ಇದೆ. ಹವಾಲ್ದಾರ್ ಹುದ್ದೆಗೆ ಬಂದವರು ಅಷ್ಟರೊಳಗೆ ನಿವೃತ್ತರಾಗುವ ಸಾಧ್ಯತೆ ಚೆನ್ನಾಗಿದೆ. ಸಮವಸ್ತ್ರ ಕಳಚಿದ ದಿನ ಕಲಂ 29ರ ರಕ್ಷಣೆಯೂ ಕಳಚುತ್ತದೆ. ಪೆನ್ಷನ್ ಆಗಲೂ ಸಿಗುವುದಿಲ್ಲ. ಆದರೆ ಮಾಜಿ ಸೈನಿಕರ ಮೀಸಲಾತಿಯಲ್ಲಿ ಬ್ಯಾಂಕಿಗೋ ಸರ್ಕಾರಿ ಇಲಾಖೆಗೋ ಸೇರುವವರು ಬಹಳ. ಆ ಹೊಸ ಸಂಬಳಕ್ಕೆ ಕಲಂ 60ರ (ಜೆ) ಉಪಕಲಂನ ಪೂರ್ತಿ ವಿನಾಯಿತಿ ಇಲ್ಲ, ನಾನು ಮೇಲೆ ಲೆಕ್ಕ ಹಾಕಿದ (ಐ) ಉಪಕಲಂ ಇದೆ. ಅಗ್ನಿವೀರರ ವಿಷಯದಲ್ಲಂತೂ ಬಹುಪಾಲು ಜನರ ಸೇವೆ 4 ವರ್ಷವೇ. ಅವರ ಮೇಲೆ ಡಿಕ್ರಿ ಇದ್ದವರು ಗಾಬರಿ ಬೀಳಬೇಕಾಗಿಲ್ಲ.

ಕಾಯುವುದೂ ಒಂದು ದಾರಿ. ಆದರೆ ಸುಮ್ನೆ ಕಾಯಬೇಡಿ, ಜಮೀನು ಜಪ್ತಿ ಮಾಡಿಸಿ ಕಾಯಿರಿ. 5 ಲಕ್ಷಕ್ಕೆ 6% ಅಂದರೆ ವರ್ಷಕ್ಕೆ 30,000 ಬಡ್ಡಿ ಬೆಳೆಯುತ್ತಿರುತ್ತದೆ.

ಕೊನೆಗೆ ಅಣ್ಣನ ಮಾತು. ನನ್ನನ್ನು ಕೇಳಿದರೆ ಒಪ್ಪಿ. 2 ಲಕ್ಷ ನಗದು ಕೈಯಲ್ಲಿ ಇರುವುದು, ಎರಡು ವರ್ಷ ಅಮಲ್ಜಾರಿ ನಡೆಸಿ 5 ಲಕ್ಷ ನೋಡುವುದಕ್ಕಿಂತ ಎಷ್ಟೋ ವಾಸಿ. ಆದರೆ ಕಟ್ಟೆ ಮೇಲೆ ಕೂತು ಮಾತಾಡಿ ಮುಗಿಸಬೇಡಿ. ಮೊದಲು ಎಕ್ಸಿಕ್ಯೂಷನ್ ಹಾಕಿ, ಅದರೊಳಗೆ ರಾಜಿ ಮಾಡಿಕೊಳ್ಳಿ. ಲೋಕ ಅದಾಲತ್‌ಗೆ ಕಳಿಸಿದರೂ ಆದೀತು.

ಹಣವನ್ನು ಬ್ಯಾಂಕ್ ಮೂಲಕವೇ ತಗೊಳ್ಳಿ. ಪ್ರತಿ ಕಂತನ್ನೂ ಆರ್ಡರ್ 21 ರೂಲ್ 2ರ ಪ್ರಕಾರ ಕೋರ್ಟಿಗೆ ತಿಳಿಸಿ. ಹೊರಗೆ ಕೊಟ್ಟು ದಾಖಲಾಗದ ಹಣವನ್ನು ಅಮಲ್ಜಾರಿ ಕೋರ್ಟು ಲೆಕ್ಕಕ್ಕೆ ತಗೊಳ್ಳುವುದಿಲ್ಲ ಅನ್ನುವುದು ಅಣ್ಣನಿಗೂ ಗೊತ್ತಿರಲಿ. ನೀವು ಕಂತಿಗೆ ಒಪ್ಪಿಕೊಂಡಿರಿ ಅಂತ ಆ 12 ವರ್ಷ ತಾನಾಗಿ ಬೆಳೆಯುವುದಿಲ್ಲ, ಹಾಗಾಗಿ ಕಂತುಗಳು ಅದರೊಳಗೆ ಆರಾಮಾಗಿ ಮುಗಿಯುವ ಹಾಗಿರಲಿ. ಡಿಕ್ರಿಯಲ್ಲಿ ಬೇರೆ ಥರ ಹೇಳಿಲ್ಲದಿದ್ದರೆ, ಬಂದ ಹಣ ಮೊದಲು ಖರ್ಚು ಮತ್ತು ಬಡ್ಡಿಗೆ, ಆಮೇಲೆ ಅಸಲಿಗೆ. ಎರಡೂವರೆ ವರ್ಷದ ಬಡ್ಡಿ 75,000. ಖರ್ಚು ಬಿಟ್ಟು ನೋಡಿದರೆ, 2 ಲಕ್ಷದಲ್ಲಿ 1,25,000 ಅಸಲಿಗೆ ಹೋಗಿ 3,75,000 ಉಳಿಯುತ್ತದೆ. ಮುಂದೆ ವರ್ಷದ ಬಡ್ಡಿ 22,500. ಈ ಲೆಕ್ಕವನ್ನು ರಾಜಿ ಅರ್ಜಿಯಲ್ಲೇ ಬರೆಸಿ. ಸಂಬಂಧಿ ತಮ್ಮ ಬ್ಯಾಂಕಿಗೆ ತಾವಾಗಿಯೇ ಪ್ರತಿ ತಿಂಗಳು ನಿಮ್ಮ ಖಾತೆಗೆ ಹಣ ಹೋಗುವಂತೆ ಸೂಚನೆ ಕೊಟ್ಟರೆ ಇನ್ನೂ ಒಳ್ಳೆಯದು. ಕೋರ್ಟು ಸಂಬಳ ಮುಟ್ಟುವ ಹಾಗಿಲ್ಲ, ಅವರೇ ತಮ್ಮ ದುಡ್ಡು ಕೊಟ್ಟರೆ ಯಾರೂ ತಡೆಯುವುದಿಲ್ಲ.

ಇನ್ನೊಂದು ಕೇಳಿ. ಮಾತು ತಂದಿರುವುದು ಅಣ್ಣ. ಹಾಗಾದರೆ ಅವರನ್ನೇ ಕೋರ್ಟಿನಲ್ಲಿ ಜಾಮೀನು ನಿಲ್ಲಲು ಹೇಳಿ. ಡಿಕ್ರಿ ಹಣಕ್ಕೆ ಜಾಮೀನು ನಿಂತವರ ಮೇಲೆ, ಅವರು ಒಪ್ಪಿಕೊಂಡ ಮಟ್ಟಿಗೆ, ಸಿ.ಪಿ.ಸಿ. ಕಲಂ 145ರಲ್ಲಿ ನೇರವಾಗಿ ಅಮಲ್ಜಾರಿ ಮಾಡಬಹುದು, ಹೊಸ ದಾವೆ ಬೇಡ. ಅಣ್ಣ ಊರಲ್ಲಿ ಅಂಗಡಿ ಇಟ್ಟಿರಲಿ, ಹೊಲ ಮಾಡುತ್ತಿರಲಿ, ಸೇನಾ ಕಾಯ್ದೆ ಅವರಿಗೆ ಇಲ್ಲ. ಅವರು ಸಹಿ ಹಾಕಲು ಹಿಂಜರಿದರೆ, ಆ ಕಂತುಗಳ ಮಾತು ಎಷ್ಟು ಗಟ್ಟಿ ಅಂತ ನಿಮಗೆ ಅಲ್ಲೇ ಗೊತ್ತಾಗುತ್ತದೆ. ಆಗ 2 ಲಕ್ಷ ತಗೊಂಡು ರಸೀದಿ ಕೊಡಿ, ಕೋರ್ಟಿನಲ್ಲಿ ದಾಖಲು ಮಾಡಿಸಿ, ಜಪ್ತಿ ಅರ್ಜಿಯನ್ನು ಮಾತ್ರ ವಾಪಸ್ ತಗೊಳ್ಳಬೇಡಿ.